ಠಸ್ಸೆ ಹಾಕಿಸಲು ಹೊರಟ ಅತ್ತೆ

ಮದುವೆಯಾಗಿ ಹಾಸನಕ್ಕೆ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ನಾನು ಸ್ಕೂಲು ಮುಗಿಸಿಕೊಂಡು ಮನೆಗೆ ಬಂದಾಗ, ಅತ್ತೆ ವರಾಂಡದ ಮೆಟ್ಟಿಲ ಮೇಲೆ ಕೂತು ಒಂದು ಪೋಸ್ಟ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಓದುತ್ತಿರಲಿಲ್ಲ, ಬರೀ ನೋಡುತ್ತಿದ್ದರು.

"ಬಾ ಇಲ್ಲಿ, ಇದು ಎಷ್ಟು ಚೆನ್ನಾಗಿ ಬಿದ್ದಿದೆ ನೋಡು" ಅಂದರು.

ಅವರು ತೋರಿಸಿದ್ದು ಕಾರ್ಡಿನ ಮೇಲಿದ್ದ ಅಂಚೆಯ ಠಸ್ಸೆಯನ್ನು. ಕಾರ್ಡು ಅರಕಲಗೂಡಿನಲ್ಲಿದ್ದ ಅವರ ಅಕ್ಕನಿಂದ ಬಂದದ್ದು. ಕಪ್ಪು ಮಸಿಯ ದುಂಡನೆಯ ಗುರುತು, ಒಳಗೆ ಊರಿನ ಹೆಸರು, ತಾರೀಖು. ಎಲ್ಲೂ ಕಲೆಸಿರಲಿಲ್ಲ, ಎಲ್ಲೂ ಮಾಸಿರಲಿಲ್ಲ. ನಾನು ಅದುವರೆಗೆ ಕಾಗದಗಳಲ್ಲಿ ಬರೆದದ್ದನ್ನು ಓದಿದ್ದೆನೇ ಹೊರತು ಠಸ್ಸೆಯನ್ನು ಕಣ್ಣಿಟ್ಟು ನೋಡಿದವಳಲ್ಲ.

"ದೊಡ್ಡಮ್ಮ ಏನು ಬರೆದಿದ್ದಾರೆ ಅತ್ತೆ?"

"ಇವರಿಗೆ ಬರೆದಿದ್ದಾಳೆ" ಅಂದರು. ಇವರು ಅಂದರೆ ನನ್ನ ಮಾವ. ವಿಳಾಸ ಮಾವನ ಹೆಸರಿಗೇ ಇತ್ತು. ಕೊನೆಯಲ್ಲಿ ಒಂದು ಸಾಲು: ತಂಗಿಗೆ ಆಶೀರ್ವಾದ ತಿಳಿಸುವುದು. "ನನ್ನ ಒಡಹುಟ್ಟಿದವಳು ಬರೆದರೂ ಕಾಗದ ಬರೋದು ಇವರ ಹೆಸರಿಗೇ. ನನ್ನ ಹೆಸರಿಗೇಂತ ಇವತ್ತಿನವರೆಗೂ ಒಂದು ಕಾರ್ಡು ಬಂದಿಲ್ಲ."

ದೂರುವ ದನಿಯೇನೂ ಇರಲಿಲ್ಲ. ಈ ಸಲ ಆಲೂಗೆಡ್ಡೆ ಚೆನ್ನಾಗಿಲ್ಲ ಅನ್ನುವಷ್ಟು ಸಹಜವಾಗಿ ಹೇಳಿದರು. ನಾನು ಬರೀತೀನಿ ಬಿಡಿ ಅಂದೆ.

"ಒಂದೇ ಮನೇಲಿ ಇದ್ಕೊಂಡು ನೀನೇನು ಬರೀತೀಯ" ಅಂದು ಕಾರ್ಡನ್ನು ಮತ್ತೆ ಬೆಳಕಿಗೆ ಹಿಡಿದರು. ಆಮೇಲೆ, "ನಾನೇ ಬರ್ಕೋಬಹುದಲ್ಲ. ಹೊಳೆನರಸೀಪುರಕ್ಕೆ ಹೋಗಿ ಅಲ್ಲಿ ಹಾಕಿದ್ರೆ ಅಲ್ಲೀ ಠಸ್ಸೇನೇ ಬೀಳುತ್ತಲ್ವೇ?" ಅಂದರು.

ಹೀಗೆ ಶುರುವಾದದ್ದು ಹತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಮನೆಯಲ್ಲಿ ನಡೆಯಿತು.

ಆಗ ಮನೆಯಲ್ಲಿ ನಾವು ನಾಲ್ಕೇ ಜನ. ನನ್ನ ಗಂಡನಿಗೆ ನಾಲೆಯ ಕೆಲಸ, ಸೋಮವಾರ ಹೋದರೆ ವಾರದ ಕೊನೆಗೇ ಬರುತ್ತಿದ್ದುದು. ಮಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಿವೃತ್ತರಾದದ್ದು ಕಚೇರಿಗೆ ಮಾತ್ರ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಹಾಲಿನವನು ಎರಡು ದಿನ ಬರುವುದಿಲ್ಲ ಅಂದರೆ ಕಾರಣ ಕೇಳಿ, ಕೇಳಿದ್ದನ್ನು ಸರಿಯೇ ತಪ್ಪೇ ಎಂದು ತೂಗಿ, ನಂತರ ಒಪ್ಪಿಗೆ ಕೊಡುತ್ತಿದ್ದರು. ನಾನು ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಅತ್ತೆ ಬಾಯಿ ತುಂಬ ಮಾತಾಡುವವರು, ಆದರೆ ಮಾವನ ಮುಂದೆ ಅವರ ಮಾತು ಅಡಿಗೆ, ಔಷಧಿ, ನೆಂಟರ ಮನೆಯ ಕಾರ್ಯ ಇಷ್ಟಕ್ಕೇ ನಿಲ್ಲುತ್ತಿತ್ತು.

ಮೊದಲ ಸಲ ಹೊರಟಾಗ ನರಸಿಂಹಸ್ವಾಮಿ ದರ್ಶನ ಅಂತ ಹೇಳಿ ಹೊರಟೆವು. ದೇವರ ವಿಷಯಕ್ಕೆ ಮಾವ ಅಡ್ಡ ಬರುವವರಲ್ಲ. ಹೊಳೆನರಸೀಪುರ ಅತ್ತೆಯ ತವರು. ತವರಿನ ಕಡೆಯವರು ಆ ವೇಳೆಗೆ ಮೈಸೂರು ಸೇರಿದ್ದರಿಂದ ಯಾರ ಮನೆಗೂ ಹೋಗುವ ಕಟ್ಟುಪಾಡಿರಲಿಲ್ಲ. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕೂತು, ದಾರಿಯಲ್ಲಿ ಸಿಕ್ಕ ಪ್ರತಿ ಊರಿನ ಹೆಸರನ್ನೂ ನನಗೆ ಹೇಳುತ್ತಾ ಬಂದರು. ದರ್ಶನ ಬೇಗ ಮುಗಿಯಿತು. ಪೋಸ್ಟಾಫೀಸಿನಲ್ಲಿ ಕಾರ್ಡು ಕೊಂಡು, ಗೋಡೆಗೆ ಆನಿಸಿದ್ದ ಮೇಜಿನ ಮೇಲೆ ಅಲ್ಲಿನ ದಾರ ಕಟ್ಟಿದ ಪೆನ್ನಿನಿಂದಲೇ ಬರೆಯಲು ಕೂತರು. ಬಹಳ ಹೊತ್ತು ಯೋಚಿಸಿ ಬರೆದದ್ದು ಇಷ್ಟು: "ಕ್ಷೇಮ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಹೊಳೆಯಲ್ಲಿ ನೀರು ಚೆನ್ನಾಗಿದೆ. ಬಿಸಿಲು ಜಾಸ್ತಿ." ಕೆಳಗೆ ತಮ್ಮ ಸಹಿ, ವಿಳಾಸದ ಜಾಗದಲ್ಲಿ ತಮ್ಮದೇ ಪೂರ್ತಿ ಹೆಸರು.

ಎರಡು ದಿನ ಬಿಟ್ಟು ಪೋಸ್ಟ್‌ಮ್ಯಾನ್ ಬಂದ. ನಮ್ಮ ಬೀದಿಗೆ ಬಹಳ ವರ್ಷದಿಂದ ಬರುತ್ತಿದ್ದವನು, ಮನೆಮನೆಯ ಕಷ್ಟಸುಖವೆಲ್ಲ ಬಲ್ಲವನು. ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ಅತ್ತೆಯ ಹೆಸರನ್ನು ದೊಡ್ಡದಾಗಿ ಕೂಗಿದ. ಆರಾಮ ಕುರ್ಚಿಯಲ್ಲಿದ್ದ ಮಾವ ಅಭ್ಯಾಸಬಲದಿಂದ ಕೈ ಚಾಚಿದರು.

"ಇದು ಅಮ್ಮಾವ್ರಿಗೆ ಸಾ" ಅಂದ ಪೋಸ್ಟ್‌ಮ್ಯಾನ್.

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಕಾರ್ಡು ತೆಗೆದುಕೊಂಡರು. ತಾವೇ ಬರೆದದ್ದನ್ನು ಅಲ್ಲೇ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದರು. ಹೊಳೆನರಸೀಪುರದ ಠಸ್ಸೆಯೊಂದು, ಹಾಸನಕ್ಕೆ ಬಂದದ್ದರ ಠಸ್ಸೆಯೊಂದು, ಎರಡೂ ಬಿದ್ದಿದ್ದವು. ಆಮೇಲೆ ಕಾರ್ಡು ಮಾವನ ಕೈಗೆ ಹೋಯಿತು.

"ನೀನೇ ಬರೆದು ನಿನಗೇ ಹಾಕ್ಕೊಂಡಿದೀಯಾ?"

"ಹೌದು."

"ಯಾತಕ್ಕೆ?"

"ಠಸ್ಸೆಗೆ."

ಮಾವ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದರಲ್ಲಿ ವಿಷಯವೇ ಇಲ್ಲವಲ್ಲ" ಅಂದರು.

ಎರಡನೆಯ ಪ್ರಯಾಣದಲ್ಲಿ ಪೆಟ್ಟು ತಿಂದೆವು. ಕೊರವಂಗಲ ಹಾಸನಕ್ಕೆ ಹತ್ತಿರ. ದೇವಸ್ಥಾನ ನೋಡಿ, ಮನೆಯಲ್ಲೇ ಬರೆದುಕೊಂಡು ಹೋಗಿದ್ದ ಕಾರ್ಡನ್ನು ವಾಪಸು ಬರುವ ದಾರಿಯಲ್ಲಿ ಕಂಡ ಕೆಂಪು ಡಬ್ಬಕ್ಕೆ ಹಾಕಿದೆವು. ಆ ಡಬ್ಬದ ಟಪಾಲು ಯಾವ ಊರಿಗೆ ಸೇರುತ್ತದೆ ಎಂದು ನಮಗೇನು ಗೊತ್ತು. ಕಾರ್ಡು ಬಂದಾಗ ಅದರ ಮೇಲಿದ್ದದ್ದು ಹಾಸನದ ಠಸ್ಸೆ ಮಾತ್ರ. ಅತ್ತೆಯ ಮುಖ ಇಳಿದುಹೋಯಿತು. ಮಾವನಿಗೆ ನಗು.

"ನಮ್ಮ ಬೀದಿ ತುದೀಲೇ ಡಬ್ಬ ಇದೆ. ಅಲ್ಲೇ ಹಾಕಿದ್ರೆ ಆಗ್ತಿತ್ತು."

"ಅಲ್ಲಿ ಹಾಕಿದ್ರೆ ಹಾಸನದ್ದೇ ಬೀಳುತ್ತೆ."

"ಬೀಳಲಿ. ಏನೀಗ?"

"ಹಾಸನದ್ದು ಇದೆ ನನ್ನ ಹತ್ರ" ಅಂದು ಅತ್ತೆ ಒಳಗೆ ಹೋದರು.

ಮುಂದಿನ ರಜಕ್ಕೆ ಮತ್ತೆ ಕೊರವಂಗಲಕ್ಕೆ ಹೋದೆವು. ಈ ಸಲ ವಿಚಾರಿಸಿಕೊಂಡು ನೇರವಾಗಿ ಪೋಸ್ಟಾಫೀಸಿಗೇ ನಡೆದೆವು. ಪೋಸ್ಟಾಫೀಸು ಅಂದರೆ ಒಂದು ಮನೆಯ ಜಗಲಿ. ಮನೆಯಾಕೆ ಮೊರದಲ್ಲಿ ಅವರೆಕಾಳು ಹಾಕಿಕೊಂಡು ಆರಿಸುತ್ತಿದ್ದರು.

"ನಮ್ಮನೆಯೋರು ಒಲದ್ ತಾವ ಓಗವ್ರೆ. ಇನ್ನೇನ್ ಬತ್ತಾರೆ, ಕುಂತ್ಕಳಿ" ಅಂದರು. ನಾವು ಕೂತೆವು. ಅತ್ತೆ ಸುಮ್ಮನೆ ಕೂರಲಾರದೆ ಮೊರಕ್ಕೆ ಕೈ ಹಾಕಿ ಕಾಳು ಆರಿಸತೊಡಗಿದರು.

"ಆಸನದಿಂದ ಒಂದ್ ಕಾರ್ಡ್ ಆಕಕ್ಕೆ ಇಲ್ಲೀಗಂಟ ಬಂದ್ರಾ? ಅಷ್ಟು ಅರ್ಜೆಂಟಾ? ಯಾರ್ಗೆ?"

"ನನಗೇ" ಅಂದರು ಅತ್ತೆ.

ಆಕೆ ಕಾಳು ಆರಿಸುವುದನ್ನು ನಿಲ್ಲಿಸಿ ಅತ್ತೆಯ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ. "ಬುಡಿ, ಅದೂ ಒಳ್ಳೇದೇಯ. ಬೇರೆಯೋರ್ ಬರೀಲಿ ಅಂತ ಕಾಯ್ಕಂಡ್ ಕುಂತ್ಕಂಡ್ರೆ ಆಯ್ತದಾ" ಅಂದು ಒಳಗೆ ಹೋಗಿ ಮಜ್ಜಿಗೆ ತಂದರು. ಯಜಮಾನರು ಬಂದು ಕೈಕಾಲು ತೊಳೆದು, ಕಬ್ಬಿಣದ ಪೆಟ್ಟಿಗೆ ತೆಗೆದು, ಠಸ್ಸೆಯನ್ನು ಮೊದಲು ಒಂದು ರದ್ದಿ ಕಾಗದದ ಮೇಲೆ ಒತ್ತಿ ನೋಡಿ, ಆಮೇಲೆ ಕಾರ್ಡಿನ ಮೇಲೆ ಒತ್ತಿದರು. ಮುಂದೆ ಅತ್ತೆಯ ಹತ್ತಿರ ಸೇರಿದವುಗಳಲ್ಲೂ ಅಷ್ಟು ಚೊಕ್ಕವಾದ ಠಸ್ಸೆ ಕಡಿಮೆ. ಬರುವಾಗ ಆಕೆ ಒಂದು ಸೇರು ಅವರೆಕಾಳನ್ನೂ ಕಟ್ಟಿಕೊಟ್ಟರು.

ಅಲ್ಲಿಂದ ಮುಂದೆ ಕಾರ್ಡನ್ನು ಕೌಂಟರಿನಲ್ಲೇ ಕೊಟ್ಟು ಕೇಳಿ ಹಾಕಿಸುವುದು ರೂಢಿಯಾಯಿತು. ದಸರಾ ರಜ, ಬೇಸಿಗೆ ರಜ, ಕೆಲವು ಶನಿವಾರಗಳು. ಶನಿವಾರ ನನಗೆ ಬೆಳಗಿನ ಸ್ಕೂಲು. ಅತ್ತೆ ಸ್ಕೂಲಿನ ಗೇಟಿನ ಹತ್ತಿರವೇ ಚೀಲ ಹಿಡಿದು ನಿಂತಿರುತ್ತಿದ್ದರು. ಬೆಲ್ಲು ಹೊಡೆದ ತಕ್ಷಣ ಹುಡುಗಿಯರಿಗಿಂತ ಮುಂಚೆ ನಾನು ಗೇಟು ದಾಟುತ್ತಿದ್ದೆ. ಕೌಂಟರು ಮುಚ್ಚುವುದರೊಳಗೆ ಊರು ಮುಟ್ಟಬೇಕಲ್ಲ.

ಒಂದು ಊರಿನಲ್ಲಿ ನಡೆದದ್ದನ್ನು ಹೇಳಬೇಕು, ಊರಿನ ಹೆಸರು ಮಾತ್ರ ಬೇಡ. ಅತ್ತೆ ಆ ದಿನ ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಹೊಸ ಕನ್ನಡಕ ಬೇರೆ. ಕೌಂಟರಿನ ಮುಂದೆ ನಿಂತು, ಕನ್ನಡಕದ ಮೇಲಿಂದ ನೋಡುತ್ತಾ, "ಸ್ವಲ್ಪ ಸ್ಪಷ್ಟವಾಗಿ ಬೀಳಲಿ. ತಾರೀಖು ಓದೋ ಹಾಗಿರಬೇಕು" ಅಂದರು. ಒಳಗಿದ್ದವರು ಥಟ್ಟನೆ ಎದ್ದು ನಿಂತರು. ಹಿಂದೆ ಹೋಗಿ ಪೋಸ್ಟ್‌ಮಾಸ್ತರಿಗೆ ಏನೋ ಪಿಸುಗುಟ್ಟಿದರು. ಮಾಸ್ತರು ಶರಟಿನ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಬಂದು, "ಒಳೀಕ್ ಬನ್ನಿ ಮೇಡಂ, ಮೊದಲೇ ತಿಳಿಸಿದ್ರೆ ಬಸ್‌ಸ್ಟ್ಯಾಂಡಿಗೆ ಯಾರನ್ನಾದ್ರೂ ಕಳಿಸ್ತಿದ್ವಿ" ಅಂದರು. ಕುರ್ಚಿ ಬಂತು. ಕಾಫಿ ಬಂತು. ಅತ್ತೆಗೆ ಇದೆಲ್ಲ ಆ ಊರಿನವರ ಒಳ್ಳೆಯತನ ಅನ್ನಿಸಿ ಸಂತೋಷದಿಂದ ಕೂತರು. ಮಾಸ್ತರು ದಪ್ಪ ಪುಸ್ತಕವೊಂದನ್ನು ತಂದು ಮುಂದೆ ಬಿಡಿಸಿಟ್ಟರು. ಅತ್ತೆ ಮರ್ಯಾದೆಗೆ ಒಂದೆರಡು ಹಾಳೆ ತಿರುವಿ, "ಅಕ್ಷರ ತುಂಬಾ ಚೆನ್ನಾಗಿದೆ. ಯಾರು ಬರೆದದ್ದು?" ಅಂದರು. ಬರೆದವರು ಕೈ ಮುಗಿದರು. ನನಗೆ ನಗು ತಡೆಯಲಾರದೆ ಹೊರಗೆ ಬಂದು ನೋಟೀಸು ಬೋರ್ಡು ಓದುತ್ತಾ ನಿಂತೆ.

ಬಸ್ಸು ಊರು ದಾಟಿದ ಮೇಲೆ ಹೇಳಿದೆ. "ಅತ್ತೆ, ಅವರು ನಿಮ್ಮನ್ನ ಇನ್ಸ್‌ಪೆಕ್ಷನ್ನಿಗೆ ಬಂದಿರೋ ದೊಡ್ಡ ಆಫೀಸರು ಅಂದ್ಕೊಂಡಿದ್ರು."

ಅತ್ತೆ ಗಾಬರಿಯಾಗಲಿಲ್ಲ. ಸ್ವಲ್ಪ ಯೋಚಿಸಿ, "ಅದಕ್ಕೇ ಕಾಫಿ ಅಷ್ಟು ಗಟ್ಟಿಯಾಗಿತ್ತು" ಅಂದರು.

ಚನ್ನರಾಯಪಟ್ಟಣ ನನ್ನ ತವರು. ಅಲ್ಲಿಗೆ ಹೋದದ್ದು ಮಾತ್ರ ದೊಡ್ಡ ಗಲಾಟೆಯಾಯಿತು. ಆ ದಿನ ಸಂಜೆ ಅತ್ತೆಯನ್ನು ನೋಡಲು ಹಾಸನದ ಮನೆಗೆ ಯಾರೋ ಬರುವವರಿದ್ದರು, ಬೇಗ ವಾಪಸಾಗಬೇಕಿತ್ತು. ಅಮ್ಮನ ಮನೆಗೆ ಹೋದರೆ ಊಟ ಮಾಡದೆ ಬಿಡುವುದಿಲ್ಲ, ಊಟ ಆದ ಮೇಲೆ ಮಲಗಿ ಎದ್ದು ಹೋಗಿ ಅನ್ನುತ್ತಾರೆ. ಅದಕ್ಕೇ ಸದ್ದಿಲ್ಲದೆ ಪೋಸ್ಟಾಫೀಸಿಗೆ ಹೋಗಿ, ಕಾರ್ಡು ಹಾಕಿ, ಮುಂದಿನ ಬಸ್ಸಿಗೇ ಹತ್ತಿಬಿಡುವುದು ಎಂದು ಮಾತಾಡಿಕೊಂಡೆವು. ಎಲ್ಲ ಹಾಗೆಯೇ ನಡೆಯಿತು. ನಾವು ಬಸ್ಸು ಹತ್ತುವಾಗ ನನ್ನ ಚಿಕ್ಕಪ್ಪ ದೂರದಿಂದ ನೋಡಿದ್ದು ನಮಗೆ ಗೊತ್ತಾಗಲಿಲ್ಲ ಅಷ್ಟೆ.

ಮಾರನೆಯ ದಿನ ಬೆಳಗ್ಗೆ ಮೊದಲ ಬಸ್ಸಿಗೇ ಅಮ್ಮ ಹಾಸನಕ್ಕೆ ಬಂದಿಳಿದರು. ಒಂದು ಕೈಯಲ್ಲಿ ತೆಂಗಿನಕಾಯಿ ಚೀಲ, ಇನ್ನೊಂದರಲ್ಲಿ ಕೋಡುಬಳೆ ಡಬ್ಬಿ. ಮುಖ ನೋಡಿದರೆ ರಾತ್ರಿಯಿಡೀ ನಿದ್ದೆ ಮಾಡಿದ ಹಾಗಿರಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಏನಾಯ್ತು ಹೇಳು" ಅಂದರು.

"ಏನೂ ಆಗಿಲ್ವಲ್ಲಮ್ಮ."

"ಅತ್ತೆ ಸೊಸೆ ಇಬ್ಬರೂ ಊರಿಗೆ ಬಂದು ಮನೆ ಹೊಸಿಲು ತುಳೀದೆ ಹೋಗಿದೀರಿ. ಚಿಕ್ಕಪ್ಪ ನೋಡಿದಾನೆ. ನಮ್ಮಿಂದ ಏನು ತಪ್ಪಾಯ್ತು? ದೀಪಾವಳಿ ಸೀರೆ ಅವರಿಗೆ ಒಪ್ಪಿಗೆ ಆಗಲಿಲ್ವಾ?"

ನಾನು ಠಸ್ಸೆಯ ಕತೆ ಹೇಳಿದೆ. ಅಮ್ಮ ನಂಬಲಿಲ್ಲ. ಮಗಳು ಏನೋ ಮುಚ್ಚಿಡುತ್ತಿದ್ದಾಳೆ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಕೊನೆಗೆ ಅತ್ತೆಯೇ ಬೀರುವಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿ ತಂದು, ಕಾರ್ಡುಗಳನ್ನೆಲ್ಲ ಚಾಪೆಯ ಮೇಲೆ ಹರಡಿ, ಒಂದೊಂದನ್ನೂ ಬೀಗಿತ್ತಿಗೆ ತೋರಿಸಿದರು. ಅಮ್ಮ ಬಹಳ ಹೊತ್ತು ನೋಡಿದರು. ಮಗಳಿಗೆ ಸಿಕ್ಕಿದ ಅತ್ತೆ ಎಂಥವರು ಎಂದು ಅವರಿಗೆ ಆಗ ಅರ್ಥವಾಯಿತೆಂದು ಕಾಣುತ್ತದೆ. "ನಮ್ಮೂರಿನದು ಇನ್ನೂ ಬಂದಿಲ್ವಾ?" ಅಂದರು. ಅವತ್ತೇ ಬರಬಹುದು ಎಂದು ಅಮ್ಮನೂ ಪೋಸ್ಟ್‌ಮ್ಯಾನಿಗಾಗಿ ಕಾದು ಕೂತರು. ಆ ದಿನ ಬರಲಿಲ್ಲ. ಅದಕ್ಕಾಗಿ ಇನ್ನೊಂದು ದಿನ ಉಳಿದುಕೊಂಡು, ನೋಡಿಕೊಂಡೇ ಹೋದರು.

ಇಷ್ಟೆಲ್ಲ ಆಗುತ್ತಿದ್ದರೂ ಮಾವನದು ಒಂದೇ ಮಾತು. ಪ್ರತಿ ಕಾರ್ಡು ಬಂದಾಗಲೂ ಓದಿ, "ವಿಷಯ ಇಲ್ಲ" ಅಂದು ಕೆಳಗಿಡುತ್ತಿದ್ದರು. ಪತ್ರ ಅಂದಮೇಲೆ ವಿಷಯ ಇರಬೇಕು, ವಿಷಯ ಇಲ್ಲದ ಪತ್ರವನ್ನು ತಮ್ಮ ಸರ್ವೀಸಿನಲ್ಲೇ ಸ್ವೀಕರಿಸಿದವರಲ್ಲ ಎನ್ನುತ್ತಿದ್ದರು. ಅತ್ತೆ ಕೇಳಿಸಿಕೊಂಡು ಕಾರ್ಡನ್ನು ಡಬ್ಬಿಗೆ ಸೇರಿಸುತ್ತಿದ್ದರು. ಒಂದು ಬೇಸಿಗೆ ರಜದಲ್ಲಿ ಅರಕಲಗೂಡಿಗೆ ಹೋದಾಗ, ದೊಡ್ಡಮ್ಮನ ಮನೆಯಲ್ಲಿ ಊಟ ಮುಗಿಸಿ, ನನ್ನಿಂದ ಪೆನ್ನು ಇಸಿದುಕೊಂಡು ಒಬ್ಬರೇ ಹೋಗಿ ನಡುಮನೆಯ ಕಂಬಕ್ಕೆ ಒರಗಿ ಬರೆದರು. ಆ ಸಲ ಕಾರ್ಡನ್ನು ನನಗೆ ತೋರಿಸಲಿಲ್ಲ.

ಅದು ಬಂದ ದಿನ ನಾನು ಮನೆಯಲ್ಲೇ ಇದ್ದೆ. ಪೋಸ್ಟ್‌ಮ್ಯಾನ್ ಈ ಬಾರಿ ಮಾವನ ಹೆಸರು ಕೂಗಿದ. ಅವನ ಮುಖದಲ್ಲಿ ನಗು ಒತ್ತರಿಸಿಕೊಂಡು ಬರುತ್ತಿತ್ತು. ಕಾರ್ಡು ಅಂದರೆ ತೆರೆದ ಕಾಗದ, ಅವನು ಓದಿಯೇ ತಂದಿದ್ದ. ಅದರಲ್ಲಿ ಹೀಗಿತ್ತು:

"ಮಾನ್ಯರೇ,

ವಿಷಯ: ಬೆಳಗಿನ ಕಾಫಿಯ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮದುವೆಯಾದ ಲಾಗಾಯ್ತಿನಿಂದ ತಮಗೆ ಪ್ರತಿದಿನ ಬೆಳಗ್ಗೆ ಕಾಫಿ ಕೊಡಲಾಗುತ್ತಿದೆ. ಸದರಿ ಕಾಫಿ ಹೇಗಿದೆ ಎಂಬುದನ್ನು ತಾವು ಈವರೆಗೂ ತಿಳಿಸಿರುವುದಿಲ್ಲ. ದಯವಿಟ್ಟು ತಿಳಿಸಬೇಕಾಗಿ ಕೋರಿಕೆ.

ಇತಿ ತಮ್ಮ ವಿಶ್ವಾಸಿ."

ಮಾವ ಮನೆಯಲ್ಲಿ ಕಚೇರಿಯ ಪತ್ರಗಳನ್ನು ಗಟ್ಟಿಯಾಗಿ ಓದಿಕೊಂಡು ಬರೆಯುತ್ತಿದ್ದ ಕಾಲದಲ್ಲಿ ಅತ್ತೆ ಅಡಿಗೆಮನೆಯಿಂದಲೇ ಆ ಭಾಷೆಯನ್ನು ಕಲಿತಿದ್ದರು. ಮಾವ ಕಾರ್ಡನ್ನು ಎರಡು ಸಲ ಓದಿದರು. ಆ ದಿನ ಊಟ ಮಾಡಿದರು, ವಾಕಿಂಗ್ ಹೋದರು, ಬಂದರು, ಕಾಫಿಯ ಮಾತೇ ಇಲ್ಲ. ಅತ್ತೆಯೂ ಏನೂ ನಡೆದೇ ಇಲ್ಲ ಎನ್ನುವಂತೆ ಇದ್ದರು.

ಮಾರನೆಯ ಬೆಳಗ್ಗೆ ಮಾವ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಪೇಪರಿನಿಂದ ಕಣ್ಣು ತೆಗೆಯದೆ, "ಕಾಫಿ ಚೆನ್ನಾಗಿದೆ" ಅಂದರು.

"ಏನಂದ್ರಿ?" ಅಂದರು ಅತ್ತೆ ಒಳಗಿನಿಂದ.

"ಕೇಳಿಸ್ತಲ್ಲ."

"ಇಲ್ಲ."

"ಕಾಫಿ ಚೆನ್ನಾಗಿದೆ ಅಂದೆ."

"ಬರವಣಿಗೇಲಿ ಕೊಡಿ" ಅಂದರು ಅತ್ತೆ.

ಮಾವ ನಕ್ಕುಬಿಟ್ಟರು. ಆ ಮನೆಗೆ ಬಂದ ಮೇಲೆ ಅವರು ಸದ್ದು ಮಾಡಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದಾದ ಮೇಲೆ ಪೋಸ್ಟ್‌ಮ್ಯಾನ್ ಒಂದು ದಿನ ಗೇಟಿನಲ್ಲಿ ನಿಂತು, "ಕಾಪಿ ಇಚಾರ ಏನಾಯ್ತು ಸಾ?" ಅಂದ. "ಇತ್ಯರ್ಥ ಆಗಿದೆ" ಅಂದರು ಮಾವ. ಬೀದಿಗೆಲ್ಲ ಸುದ್ದಿ ಗೊತ್ತಾಗಿತ್ತು. ಎದುರುಮನೆಯಾಕೆ ತಮ್ಮ ಯಜಮಾನರಿಗೂ ಒಂದು ಕಾರ್ಡು ಬರೆದುಕೊಡಿ ಎಂದು ಅತ್ತೆಯನ್ನು ಕೇಳಿಕೊಂಡು ಬಂದರು.

ಅಲ್ಲಿಂದ ಅತ್ತೆ ಪ್ರತಿ ಊರಿನಿಂದ ಎರಡು ಕಾರ್ಡು ಹಾಕತೊಡಗಿದರು. ಒಂದು ತಮಗೆ, ಒಂದು ಮಾವನಿಗೆ. ರೇಡಿಯೋ ಸದ್ದು ಕಡಿಮೆ ಮಾಡುವ ಬಗ್ಗೆ, ಒದ್ದೆ ಟವಲನ್ನು ಮಂಚದ ಮೇಲೆ ಹಾಕುವ ಬಗ್ಗೆ, ಮಗನ ಹತ್ತಿರ ಸ್ವಲ್ಪ ಸಮಾಧಾನವಾಗಿ ಮಾತಾಡುವ ಬಗ್ಗೆ. ಎದುರಿಗೆ ಕೂತು ಹೇಳಿದ್ದರೆ ಜಗಳವಾಗುತ್ತಿದ್ದ ಮಾತುಗಳು ಕಾರ್ಡಿನಲ್ಲಿ ಬಂದಾಗ ಮಾವ ಒಪ್ಪಿಕೊಳ್ಳುತ್ತಿದ್ದರು. ನಾವು ಊರಿಗೆ ಹೋಗಿ ಬಂದ ಮರುದಿನದಿಂದಲೇ ಟಪಾಲಿನ ಹೊತ್ತಿಗೆ ವರಾಂಡಕ್ಕೆ ಬಂದು ಕೂರುವುದನ್ನೂ ಕಲಿತರು. ಕೇಳಿದರೆ ಗಾಳಿಗೆ ಅನ್ನುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಸರೆಯ ಮುಂಚೆ ಅತ್ತೆ ಹಿತ್ತಲಿನ ನಲ್ಲಿಯ ಹತ್ತಿರ ಜಾರಿ ಬಿದ್ದು ಕಾಲಿನ ಗೆಣ್ಣು ಮುರಿದುಕೊಂಡರು. ಪ್ಲಾಸ್ಟರು ಹಾಕಿ ಡಾಕ್ಟರು ಓಡಾಡಬಾರದು ಅಂದರು. ಆ ರಜಕ್ಕೆ ನುಗ್ಗೇಹಳ್ಳಿಗೆ ಹೋಗುವುದೆಂದು ಅವರು ಬೇಸಿಗೆಯಿಂದಲೇ ಹೇಳುತ್ತಿದ್ದರು. ಮಂಚದ ಮೇಲೆ ಕಾಲು ಚಾಚಿ ಕೂತವರು ಯಾರ ಮೇಲೂ ರೇಗಲಿಲ್ಲ. ಹಾಗಿದ್ದದ್ದೇ ನಮಗೆ ಕಷ್ಟವಾಯಿತು. ಬಿಸ್ಕತ್ತಿನ ಡಬ್ಬಿಯನ್ನೂ ತೆಗೆಯಲಿಲ್ಲ.

ರಜ ಶುರುವಾದ ಮೇಲೆ ಒಂದು ಬೆಳಗ್ಗೆ ಮಾವ ಮಡಿಸಿಟ್ಟ ಪಂಚೆ ಉಟ್ಟು, ಕೊಡೆ ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂದು ಮೆತ್ತಗೆ ಕೇಳಿದರು. "ನುಗ್ಗೇಹಳ್ಳಿಗೆ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಬೇಕೇನಮ್ಮ?"

"ಹೌದು ಮಾವ. ಯಾಕೆ?"

"ಸ್ವಲ್ಪ ಕೆಲಸ ಇದೆ. ನೀನೂ ಬಂದ್ರೆ ಒಳ್ಳೇದು."

ನನ್ನ ಗಂಡ ರಜ ಹಾಕಿ ಮನೆಯಲ್ಲಿದ್ದರು. ಅತ್ತೆಯನ್ನು ಅವರಿಗೆ ಒಪ್ಪಿಸಿ, ಡಾಕ್ಟರ ಹತ್ತಿರ ಔಷಧಿ ತರುತ್ತೇವೆಂದು ಸುಳ್ಳು ಹೇಳಿ ಹೊರಟೆವು. ಬಸ್ಸಿನಲ್ಲಿ ಮಾವ ಕೊಡೆಯ ಹಿಡಿಯ ಮೇಲೆ ಎರಡೂ ಕೈ ಇಟ್ಟು ನೆಟ್ಟಗೆ ಕೂತಿದ್ದರು. ಚನ್ನರಾಯಪಟ್ಟಣ ದಾಟಿದ ಮೇಲೆ ಎರಡೂ ಕಡೆ ತೆಂಗಿನ ತೋಟ, ರಾಗಿ ಹೊಲ. ನುಗ್ಗೇಹಳ್ಳಿಯಲ್ಲಿ ಇಳಿದು ಮೊದಲು ದೇವಸ್ಥಾನಕ್ಕೆ ಹೋದೆವು. ಹೊರಗೋಡೆಯ ಸುತ್ತ ಸಾಲಾಗಿ ನಿಂತ ಕಲ್ಲಿನ ಮೂರ್ತಿಗಳು. ಮಾವ ಕೈ ಹಿಂದೆ ಕಟ್ಟಿಕೊಂಡು ಒಂದೊಂದರ ಮುಂದೆಯೂ ನಿಂತು, ಒಡವೆ, ಆಯುಧ, ಬೆರಳು ಎಲ್ಲ ನೋಡುತ್ತಾ ನಿಧಾನವಾಗಿ ನಡೆದರು. ಹಿಂಭಾಗದವರೆಗೆ ಬಂದವರು ಅಲ್ಲೇ ನಿಂತು, "ಸಾಕು, ಪೋಸ್ಟಾಫೀಸಿಗೆ ನಡಿ" ಅಂದು ತಿರುಗಿಬಿಟ್ಟರು. ಮಂಡಿನೋವು ಇರಬೇಕೆಂದು ನಾನೂ ಏನೂ ಕೇಳಲಿಲ್ಲ.

ಪೋಸ್ಟಾಫೀಸಿನ ಬೆಂಚಿನ ಮೇಲೆ ಕೂತು ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡರು. ವಿಳಾಸ ಬರೆದದ್ದಾಯಿತು. ಮುಂದಕ್ಕೆ ಪೆನ್ನು ಹೋಗಲಿಲ್ಲ. ಇಡೀ ತಾಲ್ಲೂಕಿನ ಪತ್ರವ್ಯವಹಾರ ನಡೆಸಿದವರು ಕಾರ್ಡನ್ನೇ ನೋಡುತ್ತಾ ಕೂತರು.

"ಏನಮ್ಮ, ಹೆಂಡತಿಗೆ ಬರೆಯೋವಾಗ ಒಕ್ಕಣೆ ಏನಿರಬೇಕು?"

"ನೀವು ಯಾವತ್ತೂ ಬರೆದೇ ಇಲ್ವೇ ಮಾವ?"

"ಅವಳನ್ನ ಬಿಟ್ಟಿದ್ದಿದ್ರೆ ತಾನೇ ಬರೆಯೋದು. ಹೆರಿಗೇಗೆ ತವರಿಗೆ ಹೋದಾಗಲೂ ಅವರಪ್ಪನಿಗೆ ಬರೀತಿದ್ದೆ."

"ಪ್ರಿಯ ಅಂತ ಹಾಕಿ."

ಮಾವ ಕೆಮ್ಮಿದರು. ಕೌಂಟರಿನ ಕಡೆ ಒಮ್ಮೆ ನೋಡಿದರು. ಆಮೇಲೆ ನನಗೆ ಕಾಣದಂತೆ ಎಡಗೈ ಅಡ್ಡ ಇಟ್ಟುಕೊಂಡು ಬೇಗ ಬೇಗ ಬರೆದು, ಕಾರ್ಡನ್ನು ಮಗುಚಿ ಹಿಡಿದು ಕೌಂಟರಿಗೆ ಹೋದರು. ಪೋಸ್ಟ್‌ಮಾಸ್ತರು ವಿಳಾಸ ಓದಿ, "ಮನೆಯೋರ್ಗಾ ಸಾ? ಈಗ ನೀವೇ ಮನೆಗ್ ಓಯ್ತಾ ಇದೀರಲ್ಲ" ಅಂದರು.

"ನಿಮ್ಮೂರ ಠಸ್ಸೆ ಬೇಕಾಗಿತ್ತು" ಅಂದರು ಮಾವ. "ಸ್ವಲ್ಪ ಗಟ್ಟಿಯಾಗಿ ಒತ್ತಿ. ತಾರೀಖು ಕಾಣಲಿ."

ಕಾರ್ಡು ಬಂದ ದಿನ ಪೋಸ್ಟ್‌ಮ್ಯಾನ್ ಗೇಟಿನಲ್ಲಿ ಕೊಡಲಿಲ್ಲ. ಚಪ್ಪಲಿ ಬಿಟ್ಟು ಒಳಗೇ ಬಂದು, ಅತ್ತೆಯ ಮಂಚದ ಹತ್ತಿರ ನಿಂತು ಕೈಗೆ ಕೊಟ್ಟ. ಮಾವ ಹಿತ್ತಲಿಗೆ ಹೋಗಿಬಿಟ್ಟರು. ಅತ್ತೆ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿ, ನನ್ನ ಕೈಗೆ ಕೊಟ್ಟರು. ಮಾವ ಕೊನೆಗೂ ಒಕ್ಕಣೆ ಬರೆದಿರಲಿಲ್ಲ.

"ನುಗ್ಗೇಹಳ್ಳಿಯಿಂದ. ಇಲ್ಲಿನ ದೇವಸ್ಥಾನ ಬಹಳ ಚೆನ್ನಾಗಿದೆ. ಗೋಡೆಯ ಮೇಲಿನ ಕೆತ್ತನೆಯನ್ನು ಅರ್ಧ ಸುತ್ತು ಮಾತ್ರ ನೋಡಿರುತ್ತೇನೆ. ಉಳಿದ ಅರ್ಧವನ್ನು ನಿನ್ನ ಕಾಲು ವಾಸಿಯಾದ ಮೇಲೆ ಜೊತೆಯಲ್ಲಿ ಬಂದು ನೋಡುವುದೆಂದು ತೀರ್ಮಾನಿಸಲಾಗಿದೆ."

ಅತ್ತೆ ಕಾರ್ಡನ್ನು ವಾಪಸು ತೆಗೆದುಕೊಂಡು ಠಸ್ಸೆಯನ್ನು ನೋಡಿದರು. ಹಿತ್ತಲಿನ ಕಡೆಗೆ ತಿರುಗಿ, "ಏನೂಂದ್ರೆ, ಪ್ಲಾಸ್ಟರು ಯಾವತ್ತು ಬಿಚ್ಚುತಾರಂತೆ?" ಎಂದು ಕೂಗಿದರು. ಮಾವ ಅಲ್ಲಿಂದಲೇ ತಾರೀಖು ಹೇಳಿದರು.

ಕಾಲು ವಾಸಿಯಾದ ಮೇಲೆ ಅವರಿಬ್ಬರೇ ಹೋಗಿ ಉಳಿದರ್ಧ ನೋಡಿ ಬಂದರು. ಅವರು ಗೇಟು ದಾಟಿ ಬೀದಿಯ ತುದಿ ತಿರುಗುವವರೆಗೂ ನೋಡುತ್ತಾ ನಿಂತಿದ್ದ ನನಗೆ, ನನ್ನನ್ನು ಬಿಟ್ಟು ಹೋದರಲ್ಲ ಎಂದು ಸ್ವಲ್ಪ ಬೇಸರವಾದದ್ದು ನಿಜ. ಆದರೆ ಶನಿವಾರ ಮಧ್ಯಾಹ್ನ ನಿದ್ದೆ ಮಾಡುವ ಸುಖವೂ ಹೊಸದಾಗಿ ಸಿಕ್ಕಿತು. ಅಲ್ಲಿಂದ ಮುಂದೆ ಅವರದೇ ಜೋಡಿ. ಕಿಟಕಿ ಸೀಟಿಗೆ ಹೋಗುವಾಗ ಒಬ್ಬರು, ಬರುವಾಗ ಒಬ್ಬರು ಎಂದು ಒಪ್ಪಂದವಾಯಿತಂತೆ. ಆ ಹೊತ್ತಿಗೆ ಮನೆಗೆ ಫೋನು ಬಂದು, ಕಾಗದ ಬರೆಯುವವರೇ ಕಡಿಮೆಯಾಗಿದ್ದರು. ನಮ್ಮ ಬೀದಿಯಲ್ಲಿ ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸುತ್ತಿದ್ದದ್ದು ಹೆಚ್ಚಾಗಿ ನಮ್ಮ ಮನೆಯ ಮುಂದೆಯೇ.

ಒಂದು ಸಲ ಬಾಗೂರಿಗೆ ಹೋಗಿದ್ದವರು ಕತ್ತಲಾಗುವ ಹೊತ್ತಿಗೆ ಬಂದರು. ಅತ್ತೆಯ ಕೈಯಲ್ಲಿ ಚೀಲದ ತುಂಬ ಬದನೆಕಾಯಿ, ಮುಖ ಗಡಿಗೆಯಂತೆ ಊದಿತ್ತು. ವಿಚಾರಿಸಿದರೆ, ಮಾವ ಪೋಸ್ಟಾಫೀಸಿನ ಹೊರಗಿನ ಕಟ್ಟೆಯ ಮೇಲೆ ಕಾರ್ಡು ಬರೆಯಲು ಕೂತಿದ್ದರಂತೆ. ಅವರ ಕನ್ನಡಕ, ಪೆನ್ನು ನೋಡಿ ಯಾರೋ ಒಬ್ಬರು ಬಂದು, "ಸಾ, ಖಾತೆ ಬದಲಾವಣೆಗೆ ವಸಿ ಅರ್ಜಿ ಬರ್ಕೊಡಿ" ಅಂದರಂತೆ. ಮಾವ ಬರೆದುಕೊಟ್ಟರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಅಷ್ಟು ವರ್ಷಗಳ ಮೇಲೆ ಸರ್ವೆ ನಂಬರು, ಪಹಣಿ, ಪೋಡಿ ಎನ್ನುವ ಮಾತುಗಳು ಕಿವಿಗೆ ಬಿದ್ದು ಮಾವ ಮೈಮರೆತುಬಿಟ್ಟರು. ಅತ್ತೆ ಕಾದು ಬೇಸತ್ತು ತರಕಾರಿ ಕೊಳ್ಳಲು ಹೋದರು. ಬರುವಷ್ಟರಲ್ಲಿ ಕೌಂಟರು ಮುಚ್ಚಿತ್ತು.

"ಇನ್ಮೇಲೆ ಇವರ ಜೊತೆ ನಾನು ಎಲ್ಲಿಗೂ ಹೋಗಲ್ಲ" ಅಂದರು ಅತ್ತೆ ನನ್ನ ಹತ್ತಿರ, ಮಾವನಿಗೆ ಕೇಳುವ ಹಾಗೆ.

ಮಾವ ಜೇಬಿನಿಂದ ಕಾರ್ಡು ತೆಗೆದು, ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ಚಾಚಿದರು. "ಬರೆದಿದ್ದಂತೂ ಆಗಿದೆ. ತಗೋ, ನಾನೇ ತಲುಪಿಸಿದ ಹಾಗಾಯ್ತು."

ಅತ್ತೆ ಕಾರ್ಡನ್ನು ನೋಡಿದರು, ಕೈ ಮುಂದೆ ಮಾಡಲಿಲ್ಲ. "ಠಸ್ಸೆ ಇಲ್ಲ. ಇದನ್ನ ಸ್ವೀಕರಿಸೋಕಾಗಲ್ಲ" ಅಂದು ಬದನೆಕಾಯಿ ತೆಗೆದುಕೊಂಡು ಒಳಗೆ ಹೋದರು.

ಮಾವ ಕಾರ್ಡನ್ನು ಮತ್ತೆ ಜೇಬಿಗೆ ಇಟ್ಟುಕೊಂಡರು. ಮುಂದಿನ ಶನಿವಾರ ನಾನು ಸ್ಕೂಲಿನಿಂದ ಬಂದಾಗ ಬಾಗಿಲಿಗೆ ಬೀಗ ಹಾಕಿತ್ತು. ಕೀಲಿಕೈ ಎದುರುಮನೆಯಲ್ಲಿತ್ತು. ಒಲೆಯ ಪಕ್ಕದಲ್ಲಿ ನನಗೆ ಚಿತ್ರಾನ್ನ ಮುಚ್ಚಿಟ್ಟು, ಇಬ್ಬರೂ ಬಾಗೂರಿಗೆ ಹೋಗಿದ್ದರು.